ನಾನು ನಿಧಿ, ಬರ್ಲಾ?

ನನ್ನ ಹೆಸರು ಕುಷ್ಟ. ಆದರೆ ಸುತ್ತಲೂ ನೀರಿರುವ ಈ ಕುದುರಿಗೆ ಬಂದ ಮೇಲೆ ಆ ಹೆಸರು ಹಿಡಿದು ನನ್ನನ್ನು ಕರೆದವರು ಯಾರೂ ಇಲ್ಲ. ಇಲ್ಲಿ ಗಂಡಸರಿಗೆಲ್ಲ ಒಂದೇ ಹೆಸರು, ಅಳಿಯ. ಬಡಗುಮನೆ ಅಳಿಯ, ದಕ್ಕೆಮನೆ ಅಳಿಯ, ಕುಂಟ ಅಳಿಯ, ಮುದಿ ಅಳಿಯ. ನಾನು ತುದಿಮನೆ ಅಳಿಯ. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುವುದು ಆಚೆದಡದ ಪದ್ಧತಿ. ಇಲ್ಲಿಯ ಹೆಣ್ಣು ಹಾಗೆ ಹೋಗಿಬಿಟ್ಟರೆ ಬಾಗಿಲಲ್ಲಿ ನಿಂತು ಕಡಲಿಗೆ ಉತ್ತರ ಕೊಡುವವರು ಯಾರು? ಆದ್ದರಿಂದ ಗಂಡೇ ಚಾಪೆ ಸುತ್ತಿಕೊಂಡು ದೋಣಿ ಹತ್ತಬೇಕು. ನಾನೂ ಹಾಗೇ ಬಂದವನು, ಒಂದು ಕರಣೆ, ಒಂದು ತೂಗುಗುಂಡು, ಒಂದು ಜೊತೆ ಲುಂಗಿ ಹಿಡಿದುಕೊಂಡು. ಕಲ್ಲು ಕಟ್ಟುವುದು ನನ್ನ ಕಸುಬು. ಬಾಯಿ ಸ್ವಲ್ಪ ಜಾಸ್ತಿ ಅಂತ ನನ್ನ ಹೆಂಡತಿ ಮುಕಾಂಬುವಿನ ದೂರು. ಇರಬಹುದು ಮಾರಾಯ್ರೆ. ಮನೆಯಲ್ಲಿ ಒಬ್ಬರಾದರೂ ಮಾತಾಡಬೇಕಲ್ಲ.

ಅಮಾವಾಸ್ಯೆಗೂ ಹುಣ್ಣಿಮೆಗೂ ಮಧ್ಯಾಹ್ನ ಭರತ ಏರಿ ನೀರು ಉಬ್ಬಿದಾಗ ಕಡಲು ಅಂಗಳ ದಾಟಿ ಮೆಟ್ಟಿಲಿನವರೆಗೆ ಬರುತ್ತದೆ. ಬಂದು ಕೇಳುತ್ತದೆ, "ಬರ್ಲಾ?" ಮುಚ್ಚಿದ ಬಾಗಿಲಿನ ಒಳಗಿನಿಂದ ಮನೆಯ ಹೆಂಗಸು "ನಾಳೆ ಬಾ" ಅನ್ನಬೇಕು. ಅಂದರೆ ಹೋಗುತ್ತದೆ. ಗಂಡಸರು ಗಂಟಲು ಹರಿದುಕೊಂಡರೂ ಅದಕ್ಕೆ ಕೇಳಿಸುವುದಿಲ್ಲ. ಮದುವೆಯ ಹೊಸದರಲ್ಲಿ ನಾನೊಮ್ಮೆ ಮೀಸೆ ತಿರುವಿ "ನಾಳೆ ಬಾ" ಅಂತ ಕೂಗಿದ್ದೆ. ನೀರು ನೇರ ಬಂದು ನನ್ನ ಚಾಪೆ ನೆನೆಸಿತು. ಅತ್ತೆ ದಾರಮ್ಮ ಬದುಕಿದ್ದಿದ್ದರೆ ನಕ್ಕು ಸಾಯುತ್ತಿದ್ದಳು. ನಾಳೆ ಅಂದರೆ ಕಡಲಿಗೆ ಹದಿನೈದು ದಿನ. ಅದಕ್ಕೆ ಲೆಕ್ಕ ಬಾರದಿದ್ದುದೇ ನಮ್ಮ ಪುಣ್ಯ.

ಇನ್ನೊಂದು ಸಂಗತಿ. ಕಡಲಿಗೆ ಸ್ವಂತ ದನಿಯಿಲ್ಲ, ಕೇಳಿಸಿಕೊಂಡ ದನಿಯಲ್ಲೇ ಕರೆಯುತ್ತದೆ. ನಮ್ಮ ಬಾಗಿಲಿಗೆ ಅದು ತೀರಿಹೋದ ದಾರಮ್ಮನ ದನಿಯಲ್ಲಿ ಬರುತ್ತಿತ್ತು. ತೆಂಕುಮನೆಯ ಸುಬ್ಬುವಿಗೆ ಅದು ನೀರುಪಾಲಾದ ಅವಳ ಗಂಡನ ದನಿಯಲ್ಲಿ ಕೇಳಿತಂತೆ. ಅವಳು ಪಾಪ, ಬಾಯ್ತಪ್ಪಿಯೋ ಬೇಕಂತಲೋ "ಬಾ" ಅಂದುಬಿಟ್ಟಳು. ಈಗ ಇಳಿತದ ಹೊತ್ತಿಗೆ ಅಲ್ಲಿ ಒಂದು ಒರಳುಕಲ್ಲು ಕಾಣಿಸುತ್ತದೆ, ಅದರ ಸುತ್ತ ಮನೆಯ ಕೆಂಪುಕಲ್ಲುಗಳು. ಚೌಕಾಕಾರದ ಹಳೇ ಕಾಲದ ಕಲ್ಲು, ನೋಡಿದರೆ ನನ್ನಂಥವನ ಕೈ ತುರಿಸುತ್ತದೆ. ಆದರೆ ಯಾರೂ ಮುಟ್ಟುವುದಿಲ್ಲ. ಕಡಲು ಬಾಯಿಗಿಟ್ಟದ್ದು ಕಡಲಿನ ಎಂಜಲು, ಅದನ್ನು ಮನೆಗೆ ತಂದರೆ ಕಡಲು ಹಿಂದೆಯೇ ಬರುತ್ತದೆ ಅಂತ ಇಲ್ಲಿಯ ಮಾತು.

ಒಂದು ಬಾಗಿಲಲ್ಲಿ ಒಮ್ಮೆ "ನಾಳೆ ಬಾ" ಅಂದವಳ ಮಾತನ್ನೇ ಆ ಬಾಗಿಲಿಗೆ ಕಡಲು ಕೇಳುವುದು. ಬೇರೆಯವರು ಹೇಳಿದರೆ ಆಗುವುದಿಲ್ಲ, ಅವಳ ದನಿ ಇರುವ ತನಕ ಅವಳೇ. ತಾಯಿ ಜ್ವರದಲ್ಲಿ ಮಾತು ನಿಂತು ಮಲಗಿದ್ದಾಗ ಮುಕಾಂಬು ಮೊದಲ ಸಲ ಉತ್ತರ ಕೊಟ್ಟದ್ದು. ಆಗ ಅವಳಿನ್ನೂ ಲಂಗದ ಹುಡುಗಿ, ಶಾಲೆಯ ಚೀಲ ಹೆಗಲಲ್ಲೇ ಇತ್ತಂತೆ. ಆ ಚೀಲ ಗೂಟಕ್ಕೆ ಹೋಯಿತು, ಮತ್ತೆ ಇಳಿಯಲಿಲ್ಲ. ಇದನ್ನು ಅವಳು ಒಮ್ಮೆ ಮಾತ್ರ ಹೇಳಿದ್ದು. ಹೇಳಿ ಗೂಟ ತೋರಿಸಿದ್ದಳು.

ಈಚೆಗೆ ಏನಾಗಿದೆಯೆಂದರೆ, ಕಡಲು ಲೆಕ್ಕ ಕಲಿತಿದೆ. ಯಾರು ಕಲಿಸಿದರೋ ಗೊತ್ತಿಲ್ಲ. ಬಿದಿಗೆಗೂ ಬರುತ್ತದೆ, ಚೌತಿಗೂ ಬರುತ್ತದೆ, ಕೆಲವು ಸಲ ನಿಜವಾಗಿಯೂ ಮಾರನೆಯ ದಿನವೇ ಬಂದು ನಿಲ್ಲುತ್ತದೆ. ಮೊದಲಾದರೆ ಹೆಂಗಸರು ನಡುವಿನ ದಿನಗಳಲ್ಲಿ ಮರಳದಿಬ್ಬದ ಮೇಲೆ ಚಿಪ್ಪಿ ಹೆಕ್ಕಿ ಆಚೆದಡದ ಸಂತೆಯಲ್ಲಿ ಮಾರುತ್ತಿದ್ದರು. ಮನೆ ನಡೆಯುತ್ತಿದ್ದುದೇ ಆ ಬುಟ್ಟಿಯಿಂದ. ಈಗ ಯಾವ ಮಧ್ಯಾಹ್ನಕ್ಕೆ ಎಲ್ಲಿರಬೇಕೆಂದು ಯಾರಿಗೂ ತಿಳಿಯದೆ ಎಲ್ಲರೂ ಬಾಗಿಲಿಗೇ ಕಟ್ಟಿಬಿದ್ದರು. ಬುಟ್ಟಿಗಳು ಅಟ್ಟ ಸೇರಿದವು. ಮುಕಾಂಬುವಿನದಂತೂ ಇನ್ನೊಂದು ಕಷ್ಟ. ಕೂಗಿ ಕೂಗಿ ಅವಳ ಗಂಟಲು ಕೆಟ್ಟಿತು. ಆಚೆದಡದ ಡಾಕ್ಟರು ಲೈಟು ಬಿಟ್ಟು ನೋಡಿ, ಗಂಟಲಲ್ಲಿ ಗಂಟು ಇದೆ, ಮಾತು ನಿಲ್ಲಿಸಬೇಕು, ಇಲ್ಲವಾದರೆ ತಾನಾಗಿ ನಿಲ್ಲುತ್ತದೆ ಅಂದರು. ಆ ಮಾತು ನನಗೆ ಹೇಳಿದ್ದರೆ ಊರಿಗೇ ಉಪಕಾರವಾಗುತ್ತಿತ್ತು. ಅಂದಿನಿಂದ ಅವಳು ನನ್ನನ್ನು ಬೈಯುವುದೂ ಸೌಟಿನಲ್ಲೇ. ಪಾತ್ರೆಗೆ ಕುಟ್ಟಿದ ಸದ್ದಿನಲ್ಲೇ ಯಾವ ಬೈಗುಳ ಅಂತ ನನಗೆ ಗೊತ್ತಾಗುತ್ತಿತ್ತು.

ನಮಗೆ ಒಬ್ಬಳೇ ಮಗಳು, ಸುಗಂಧಿ, ಏಳನೇ ಕ್ಲಾಸು. ಕುದುರಿನ ಶಾಲೆ ಅಲ್ಲಿಗೆ ಮುಗಿಯುತ್ತದೆ, ಮುಂದೆ ಓದಬೇಕಾದರೆ ಆಚೆದಡದ ಹಾಸ್ಟೆಲ್ಲು. ಅಮ್ಮನ ದನಿ ಪೂರ್ತಿ ಹೋದರೆ ಬಾಗಿಲು ಅವಳ ಪಾಲಿಗೆ. ಇದು ಎಲ್ಲರಿಗೂ ಗೊತ್ತು. ಸುಗಂಧಿಗೂ ಗೊತ್ತಿತ್ತು, ಒಲೆಯ ಮುಂದೆ ಕೂತು ಒಂದೊಂದು ಸಲ ಸಣ್ಣಗೆ "ನಾಳೆ ಬಾ, ನಾಳೆ ಬಾ" ಅಂತ ಅಭ್ಯಾಸ ಮಾಡುತ್ತಿದ್ದಳು. ಅದು ಕಿವಿಗೆ ಬಿದ್ದ ದಿನ ಮುಕಾಂಬು ಅನ್ನ ಮುಟ್ಟಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಮನೆಯ ಪಂಚಾಂಗ, ಅಂದರೆ ಬುಡದ ಕಟ್ಟು, ಎತ್ತರಿಸುವುದು. ಭರತಕ್ಕೆ ನಿಲುಕದಷ್ಟು ಎತ್ತರದ ಅಡಿಪಾಯದ ಮೇಲೆ ಮನೆ ನಿಂತರೆ ಕಡಲು ಕೆಳಗೇ ನಿಂತು ಯಾರನ್ನು ಬೇಕಾದರೂ ಕೇಳಿಕೊಳ್ಳಲಿ, ಉತ್ತರ ಕೊಡುವ ಹಂಗಿಲ್ಲ. ಕಟ್ಟಲು ನಾನಿದ್ದೇನೆ. ಕಲ್ಲಿಗೆ ದುಡ್ಡೆಲ್ಲಿ?

ಇಂಥ ಹೊತ್ತಿಗೆ ಒಂದು ದಿನ ಮೈಕು ಕಟ್ಟಿದ ದೋಣಿಯೊಂದು ಕುದುರಿಗೆ ಸುತ್ತು ಹಾಕಿತು. ಮುಳುಗುವ ದ್ವೀಪಗಳ ಮಹಿಳೆಯರಿಗಾಗಿ ಹವಾಮಾನ ನಿಧಿ ಬರುತ್ತಿದೆ, ಇದೇ ತಿಂಗಳು ಕುದುರಿಗೂ ನಿಧಿ ಬರುತ್ತದೆ, ತಯಾರಾಗಿರಿ ಅಂತ ಕೂಗಿ ಹೋಯಿತು. ಎಲ್ಲೋ ದೂರದ ದೇಶಗಳು ಹೊಗೆ ಬಿಟ್ಟು ಬಿಟ್ಟು ಕಡಲನ್ನು ಉಬ್ಬಿಸಿವೆಯಂತೆ, ಆ ತಪ್ಪಿಗೆ ಈಗ ದಂಡ ಕಟ್ಟುತ್ತಿವೆಯಂತೆ, ಆ ದುಡ್ಡು ನೇರ ಹೆಂಗಸರ ಕೈಗಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಅವತ್ತು ಕಿವಿಗೆ ಬಿದ್ದದ್ದು ನಿಧಿ ಅನ್ನುವ ಒಂದೇ ಮಾತು.

ನಿಧಿ ಅಂದರೆ ನಮಗೆ ಗೊತ್ತಿರುವುದು ನೆಲದೊಳಗಿನ ತಾಮ್ರದ ಕೊಪ್ಪರಿಗೆ. ಮೇಲೆ ಹಾವು ಕಾವಲು. ಅದೂ "ಬರ್ಲಾ?" ಅಂತಲೇ ಕೇಳುತ್ತದೆ. ಬಾ ಅಂದವರ ಮನೆಗೆ ಬರುತ್ತದೆ, ಬಂದರೆ ಮನೆಯಿಂದ ಒಬ್ಬರನ್ನು ಬಲಿ ತೆಗೆದುಕೊಳ್ಳುತ್ತದೆ. ಮುದಿ ಅಳಿಯ ಐತ, ದೋಣಿ ನಿಲ್ಲುವ ದಕ್ಕೆಯ ಬುಡದಲ್ಲಿ ತಾನು ಹಾವು ಕಂಡಿದ್ದೇನೆ ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಾವು. ಅಳಿಯಂದಿರೆಲ್ಲ ಹಾರೆ ಪಿಕಾಸಿ ಹಿಡಿದು ದಕ್ಕೆಯ ಬುಡ ಅಗೆದರು. ಗುಡ್ಡ ಅಗೆದವರಿಗೆ ಇಲಿಯಾದರೂ ಸಿಕ್ಕುತ್ತದೆ, ನಮಗೆ ಸಿಕ್ಕಿದ್ದು ಒಂದು ಏಡಿ, ಅದೂ ಐತನ ಬೆರಳಿಗೆ ಕಚ್ಚಿಕೊಂಡೇ ಮೇಲೆ ಬಂತು. ಮಾರನೆಯ ಭರತಕ್ಕೆ ದಕ್ಕೆ ಪೂರ್ತಿ ಕುಸಿದು ನೀರಿಗೆ ಹೋಯಿತು. ಹೆಂಗಸರು ಬಾಗಿಲಲ್ಲೇ ನಿಂತು ನಕ್ಕರು. ಮುಕಾಂಬು ನಗಲಿಲ್ಲ. ಅವಳು ಪಕ್ಕದ ಮನೆಯ ಗುಲಾಬಿಯ ಹತ್ತಿರ ಹೋಗಿ ಪಿಸುದನಿಯಲ್ಲಿ, ನಿಧಿ ಯಾರನ್ನು ಬಲಿ ಕೇಳುತ್ತದೆ ಅಂತ ವಿಚಾರಿಸಿ ಬಂದಳು. ಗುಲಾಬಿ ಹೆಂಗಸರ ಸಂಘದ ಅಧ್ಯಕ್ಷೆ, ದೊಡ್ಡ ಬಾಯಿಯವಳು. ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾಮಾನ್ಯ ಮೊದಲ ಮಗುವನ್ನು ಅಂದಳಂತೆ.

ನಿಧಿ ಬಂದದ್ದು ಅಮಾವಾಸ್ಯೆಯ ದಿನ. ಕಚೇರಿಯವರಿಗೆ ತಾರೀಕು ಗೊತ್ತು, ತಿಥಿ ಗೊತ್ತಿಲ್ಲ. ಬೆಳಿಗ್ಗೆಯೇ ಬರಬೇಕಾಗಿದ್ದ ದೋಣಿಗೆ ನಿಲ್ಲಲು ದಕ್ಕೆ ಇಲ್ಲ, ಅದು ಕುದುರನ್ನು ಬಳಸಿ ಹಿಂದಿನ ಕೆಸರಿಗೆ ಬಂದು ಮುಟ್ಟುವಾಗ ಸರೀ ಮಧ್ಯಾಹ್ನ. ಭರತ ಏರಿತ್ತು. ಎಲ್ಲ ಬಾಗಿಲೂ ಮುಚ್ಚಿತ್ತು, ಒಳಗೆ ಹೆಂಗಸರು ನಿಂತಿದ್ದರು. ದೊಡ್ಡವರು ಬರುತ್ತಾರೇನೋ ಅಂತ ಮುಕಾಂಬು ಒಂದು ಚೆಂಬಿನಲ್ಲಿ ಬೆಲ್ಲ ನೀರು ಮಾಡಿಟ್ಟಿದ್ದಳು. ಯಾರೇ ಬರಲಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. ಬಿಸಿಲಲ್ಲಿ ಬಂದ ವೈರಿಗೂ ಅದು ತಪ್ಪದು. ಆಗ ಹೊರಗಿನಿಂದ ಹೊಸ ದನಿಯೊಂದು ಕೇಳಿತು, ತೆಳ್ಳಗೆ, ಪೇಟೆಯ ರಾಗದಲ್ಲಿ: "ಅಕ್ಕಾ, ನಾನು ನಿಧಿ. ಒಳಗೆ ಬರ್ಲಾ?"

ನಾನು ಮುಕಾಂಬುವಿನ ಮುಖ ನೋಡಿದೆ, ಅವಳು ಸುಗಂಧಿಯ ಮುಖ ನೋಡಿದಳು. ಇದು ಕಡಲೋ, ಕೊಪ್ಪರಿಗೆಯೋ? ಯಾವುದಾದರೂ ಉತ್ತರ ಒಂದೇ ಆಗಿತ್ತು. "ನಾಳೆ ಬಾ," ಅಂದಳು ಮುಕಾಂಬು, ಇದ್ದಬದ್ದ ದನಿಯೆಲ್ಲ ಕೂಡಿಸಿ. ಹೆಜ್ಜೆಗಳು ನೀರು ತುಳಿಯುತ್ತ ಗುಲಾಬಿಯ ಮನೆಗೆ ಹೋದವು. ಅಲ್ಲಿಯೂ ನಾಳೆ ಬಾ. ಮುಂದಿನ ಮನೆಯಲ್ಲೂ ನಾಳೆ ಬಾ. ಇಡೀ ಕುದುರು ಒಬ್ಬಳು ಹುಡುಗಿಗೆ ಬಾಗಿಲು ತೆರೆಯದೆ ಕಳಿಸಿತು. ಬೆಲ್ಲ ನೀರಿಗೆ ಇರುವೆ ಮುತ್ತಿತು.

ಬಂದದ್ದು ಯಾರು ಅಂತ ಸಂಜೆ ದೋಣಿಯವನು ಹೇಳಿದ. ಹವಾಮಾನ ನಿಧಿಯ ಮೇಡಂ. ಅವಳ ಹೆಸರೂ ನಿಧಿಯೇ. ಈಗಿನ ಕಾಲದ ಅಪ್ಪ ಅಮ್ಮಂದಿರು ಹೆಸರಿಡುವಾಗ ಇದನ್ನೆಲ್ಲ ಯೋಚನೆ ಮಾಡುವುದು ಬೇಡವೇ? ಗುಲಾಬಿ ತಲೆ ತಲೆ ಚಚ್ಚಿಕೊಂಡಳು.

ಭರತವಿಲ್ಲದ ಒಂದು ದಿನ ಅಂದಾಜು ಮಾಡಿ ನಾವು ಆಚೆದಡದ ಕಚೇರಿಗೆ ಹೋದೆವು, ಗುಲಾಬಿ, ಮುಕಾಂಬು, ಮಾತಾಡಲು ನಾನು. ಅಲ್ಲಿಯ ಗುಮಾಸ್ತ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಫಲಾನುಭವಿಗಳೇ ಮುಂದೂಡಿದ್ದಾರೆ ಅಂತ ಬರೆದಾಗಿದೆ, ಸಾಹೇಬರು ಇಲ್ಲ, ನಾಳೆ ಬನ್ನಿ ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗುಲಾಬಿ ಎದ್ದು ನಿಂತಳು. "ನಾಳೆ ಬನ್ನಿ ಅಂತೀಯಲ್ಲ, ನಾವೇನು ಕಡಲಾ?" ಅಂತ ಕೇಳಿದಳು. ಗುಮಾಸ್ತನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಗಲಾಟೆ ಕೇಳಿ ಒಳಗಿನಿಂದ ಒಬ್ಬಳು ಹುಡುಗಿ ಬಂದು, ನಾನು ನಿಧಿ, ಏನಾಗಬೇಕಿತ್ತು ಅಂದಳು. ಗುಲಾಬಿಯ ಬಾಯಿಗೆ ನಾಳೆ ಬಾ ಅನ್ನುವುದು ಬಂದೇಬಿಟ್ಟಿತ್ತು, ಸೆರಗು ತುರುಕಿಕೊಂಡು ತಡೆದಳು.

ಸಣ್ಣ ಹುಡುಗಿ. ಕುದುರಿನ ಕೆಸರಲ್ಲಿ ಚಿಪ್ಪಿ ಕೊಯ್ದ ಗಾಯ ಕಾಲಲ್ಲಿ ಇನ್ನೂ ಮಾಸಿರಲಿಲ್ಲ. ನಾವು ಬಾಗಿಲು ತೆರೆಯದಿದ್ದುದಕ್ಕೆ ಅವಳಿಗೆ ಸಿಟ್ಟಿರಲಿಲ್ಲ, ಗೊಂದಲವಿತ್ತು. ನಾನು ಕಡಲಿನ ವಿಷಯ ಹೇಳಿದಾಗ ಗಮನವಿಟ್ಟು ಕೇಳಿ, ಅದು ನಿಮ್ಮ ಕಡೆಯ ಆಚರಣೆ ಅಲ್ವಾ ಅಂದಳು. ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ತಿಳಿಯದೆ ತಲೆ ಆಡಿಸಿದೆ. ಪಂಚಾಂಗ ಎತ್ತರಿಸಲು ಖಂಡಿತ ದುಡ್ಡು ಸಿಗುತ್ತದೆ ಅಂದಳು. ಆದರೆ ಒಂದು ನಿಯಮ. ಬೇರೆ ದ್ವೀಪಗಳಲ್ಲಿ ಹೆಂಗಸರ ಹೆಸರಿನ ದುಡ್ಡನ್ನು ಗಂಡಂದಿರು ನುಂಗಿದ್ದರಿಂದ ಈಗ ಅಧಿಕಾರಿ ಮನೆ ಬಾಗಿಲಿಗೇ ಬರಬೇಕು, ಮನೆಯ ಹೆಂಗಸು ಸ್ವಂತ ಬಾಯಿಂದ "ಬನ್ನಿ" ಅಂತ ಒಳಗೆ ಕರೆಯಬೇಕು, ಅದು ಫೋನಿನಲ್ಲಿ ರೆಕಾರ್ಡು ಆಗಬೇಕು. ಗಂಡ ಕರೆದರೆ ನಡೆಯದು. ಅಲ್ಲಿಗೆ ಕಚೇರಿಗೂ ನನ್ನ ದನಿ ಕೇಳಿಸುವುದಿಲ್ಲ ಅಂತಾಯಿತು. ಅಷ್ಟಮಿಯ ದಿನ ಬನ್ನಿ, ಅಷ್ಟಮಿಗೆ ಕಡಲು ಸತ್ತಿರುತ್ತದೆ ಅಂತ ಗುಲಾಬಿ ದಿನ ಕೊಟ್ಟಳು. ಮುಕಾಂಬು ಗಂಟಲು ಮುಟ್ಟಿಕೊಂಡಳು.

ಅಲ್ಲಿಂದ ಅಷ್ಟಮಿಯವರೆಗೆ ಅವಳು ಒಂದು ಮಾತೂ ಖರ್ಚು ಮಾಡಲಿಲ್ಲ. ಕೆಮ್ಮು ಬಂದರೂ ನುಂಗಿದಳು. ನಡುವೆ ಒಂದು ಭರತಕ್ಕೆ ಮಾತ್ರ ಬಾಯಿ ತೆರೆಯಲೇಬೇಕಾಯಿತು, ಆಗ ಬಂದದ್ದು ಮಾತಲ್ಲ, ಬರೀ ಉಸಿರು. ಕಡಲು ಅನುಮಾನದಿಂದ ನಿಂತು ಇನ್ನೊಮ್ಮೆ ಕೇಳಿತು, ಇನ್ನೊಂದು ಉಸಿರಿಗೆ ಹೇಗೋ ಹೋಯಿತು. ನಮ್ಮ ಎದೆ ಒಡೆಯುವಂತೆ ಮಾಡಿದ್ದು ಅದಲ್ಲ. ಅದು ಕೇಳಿದ್ದು ಎಂದಿನ ಹಾಗೆ ದಾರಮ್ಮನ ದನಿಯಲ್ಲಿ ಆಗಿರಲಿಲ್ಲ. "ಅಕ್ಕಾ, ನಾನು ನಿಧಿ. ಒಳಗೆ ಬರ್ಲಾ?" ಅಂತಿತ್ತು. ಅವತ್ತು ಮೇಡಂ ಮನೆ ಮನೆಗೆ ಕೂಗುತ್ತ ನಡೆದದ್ದನ್ನು ಅದು ಕಿವಿಗೊಟ್ಟು ಕಲಿತುಬಿಟ್ಟಿತ್ತು.

ಅಷ್ಟಮಿ ಬಂತು. ಬೆಳಿಗ್ಗೆ ನೀರು ಎಲ್ಲೋ ಹಿಂದೆ ಸರಿದು ಸುಬ್ಬುವಿನ ಒರಳು ಬಿಸಿಲಿಗೆ ಒಣಗುತ್ತಿತ್ತು. ನಾವು ಬಾಗಿಲು ತೆರೆದಿಟ್ಟು, ಬೆಲ್ಲ ನೀರು ಮಾಡಿಟ್ಟು ಕಾದೆವು. ಅಷ್ಟಮಿಗೆ ಕಡಲು ಮೆಟ್ಟಿಲಿಗೆ ಬಂದದ್ದು ನಮ್ಮ ಅಜ್ಜಿಯಂದಿರ ಬಾಯಲ್ಲೂ ಇಲ್ಲ. ಅವತ್ತು ಬಂತು. ಮಧ್ಯಾಹ್ನ ಅಂಗಳದಲ್ಲಿ ನೀರು ಮಿಂಚಿದ್ದು ಕಂಡು ನಾನು ಓಡಿ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಹೊರಗೆ ಅದೇ ದನಿ:

"ಅಕ್ಕಾ, ನಾನು ನಿಧಿ. ಒಳಗೆ ಬರ್ಲಾ?"

ಯಾರು? ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಆಚೆ ನೀರಿನ ಸದ್ದು. ಕಡಲು ಬಂದರೂ ನೀರಿನ ಸದ್ದೇ, ಮೇಡಂ ಬಂದು ನೀರಲ್ಲಿ ನಿಂತಿದ್ದರೂ ನೀರಿನ ಸದ್ದೇ. ನಾಳೆ ಬಾ ಅಂದು ಅದು ಮೇಡಂ ಆಗಿದ್ದರೆ ಪಂಚಾಂಗವೂ ಹೋಯಿತು, ದನಿಯೂ ಹೋಯಿತು, ಮುಂದಿನ ಭರತಕ್ಕೆ ಸುಗಂಧಿಯೇ ಗತಿ. ಬನ್ನಿ ಅಂದು ಅದು ಕಡಲಾಗಿದ್ದರೆ ನಾವೂ ಒಂದು ಒರಳುಕಲ್ಲು. ನುಂಗಿದರೆ ಗಂಟಲು, ಉಗುಳಿದರೆ ತುಟಿ. ದನಿ ಇನ್ನೊಮ್ಮೆ ಕೇಳಿತು. ಸುಗಂಧಿ ಅಮ್ಮನ ಮುಖ ನೋಡಿ ಬಾಯಿ ತೆರೆದಳು. ಮುಕಾಂಬು ಮಗಳನ್ನು ಹಿಂದಕ್ಕೆ ಎಳೆದು ತಾನು ಬಾಗಿಲಿಗೆ ಬಂದಳು, ಮರದ ಹಲಗೆಗೆ ತುಟಿ ಹಚ್ಚಿ, ಈ ಕುದುರಿನಲ್ಲಿ ಯಾವ ಹೆಂಗಸೂ ಭರತದ ಹೊತ್ತಿಗೆ ಕೇಳದ ಮಾತು ಕೇಳಿದಳು.

"ಬೆಲ್ಲ ನೀರು ಕೊಡ್ಲಾ?"

ಹೊರಗೆ ಎಲ್ಲವೂ ನಿಂತಿತು. ನೀರೂ ಸುಮ್ಮನಾಯಿತು. ಬರ್ಲಾ ಅಂದವರಿಗೆ ಬಾ ಅಂದರೆ ಗೊತ್ತು, ನಾಳೆ ಬಾ ಅಂದರೆ ಗೊತ್ತು. ಇದಕ್ಕೆ ಏನನ್ನಬೇಕೆಂದು ಕಡಲಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಅಳುಮುಂಜಿ ದನಿಯೊಂದು, "ಕೊಡಿ ಅಕ್ಕ, ಗಂಟಲು ಒಣಗಿಹೋಗಿದೆ" ಅಂದಿತು. ಕಡಲಿಗೆ ಎಲ್ಲಿಯ ಬಾಯಾರಿಕೆ? ಮುಕಾಂಬು ಅಗಳಿ ತೆಗೆದಳು.

ಮೇಡಂ ಸೊಂಟದ ನೀರಿನಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಚಪ್ಪಲಿ, ಕುತ್ತಿಗೆಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಫೋನು. ಅವಳ ಬೆನ್ನ ಹಿಂದೆ ಅಂಗಳದ ತುಂಬ ಕಡಲು, ಮದುವೆ ಮನೆಯಲ್ಲಿ ಊಟಕ್ಕೆ ಕರೆಯಲಿ ಅಂತ ಕಾಯುವವರ ಹಾಗೆ. ಅವಳು ಫೋನು ಮುಂದೆ ಹಿಡಿದು, ನಿಮ್ಮ ಬಾಯಿಂದ ಒಂದು ಸಲ ಬನ್ನಿ ಅನ್ನಿ ಅಕ್ಕ, ಅಷ್ಟು ಸಾಕು ಅಂದಳು. ಮುಕಾಂಬು ತಲೆ ಅಲ್ಲಾಡಿಸಿದಳು. ಬನ್ನಿ ಅಂದರೆ ಬರುವುದು ಯಾರು ಯಾರು? ಇದ್ದ ದನಿಯೂ ಬೆಲ್ಲ ನೀರಿಗೆ ಮುಗಿದಿತ್ತು. ಮಾತಿಲ್ಲದೆ ಮೇಡಂನ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ನಾನು ಬಾಗಿಲು ದೂಡಿ ಮತ್ತೆ ಬೆನ್ನು ಕೊಟ್ಟೆ.

ಮುಕಾಂಬು ಚೆಂಬು ಎತ್ತಿ ಕೊಡುತ್ತಿದ್ದಳು. ಆಗ ಹೊರಗಿನಿಂದ ಮೇಡಂನ ದನಿಯೇ ಕರೆಯಿತು, "ನಾನು ನಿಧಿ. ಒಳಗೆ ಬರ್ಲಾ?" ತನ್ನ ದನಿ ತಾನೇ ಕೇಳಿ ಆ ಹುಡುಗಿ ಬೆಳ್ಳಗಾದಳು. ಬಾಗಿಲಿನ ಕೆಳಗಿಂದ ನೀರು ಚಿಮ್ಮಿತು. ಸುಗಂಧಿ ಉತ್ತರ ಕೊಡಲು ಉಸಿರೆಳೆದುಕೊಂಡಳು, ಮುಕಾಂಬು ಒಂದು ಕೈಯಿಂದ ಮಗಳ ಬಾಯಿ ಮುಚ್ಚಿದಳು. ಇನ್ನೊಂದು ಕೈಯಲ್ಲಿ ಚೆಂಬು ಇತ್ತು. ಮೇಡಂ ಅವತ್ತು ಬಾಗಿಲು ಬಾಗಿಲಲ್ಲಿ ಕೇಳಿಸಿಕೊಂಡದ್ದನ್ನೇ, ಕಲಿತ ಪಾಠ ಒಪ್ಪಿಸುವ ಹಾಗೆ, ಬಾಗಿಲ ಕಡೆ ತಿರುಗಿ ಹೇಳಿಬಿಟ್ಟಳು.

"ನಾಳೆ ಬಾ."

ಕಡಲು ಹೋಯಿತು. ಮುಕಾಂಬು ನೆಲದ ಮೇಲೆ ಕುಸಿದು ಕೂತು, ಸದ್ದಿಲ್ಲದೆ ಅಳತೊಡಗಿದಳು. ಸಮಾಧಾನಕ್ಕೆ ಅಳುತ್ತಿದ್ದಾಳೆ ಅಂದುಕೊಂಡ ಮೇಡಂ ಅವಳ ಪಕ್ಕ ಕೂತು, ಚೆಂಬಿನ ನೀರು ಗಟಗಟ ಕುಡಿದು, ನಾನು ಹೇಳಿದ್ದು ಸರಿ ಇತ್ತಲ್ಲ ಅಕ್ಕ ಅಂತ ಕೇಳಿದಳು. ಸರಿ ಇತ್ತು. ಅದೇ ಕಷ್ಟ. ಬಾಯಿ ಜಾಸ್ತಿ ಇದ್ದ ನಾನು ಅವತ್ತು ಸಂಜೆಯವರೆಗೂ ಆ ಹುಡುಗಿಗೆ ಈ ಬಾಗಿಲು ಇನ್ನು ನಿನ್ನದೇ ಅಂತ ಹೇಳುವ ಮಾತು ಹುಡುಕುತ್ತಿದ್ದೆ. ಹೇಳಿದಾಗ ಅವಳು ನಕ್ಕಳು. ದೋಣಿ ಇಲ್ಲದ್ದರಿಂದ ಗುಲಾಬಿಯ ಮನೆಯಲ್ಲಿ ಉಳಿದಳು. ಮಾರನೆಯ ಮಧ್ಯಾಹ್ನವೇ ಕಡಲು ಬಂತು, ಈಗ ಅದಕ್ಕೆ ಲೆಕ್ಕ ಬರುತ್ತದಲ್ಲ. ತನ್ನ ಬಾಗಿಲಿಗೆ ಉತ್ತರ ಕೊಟ್ಟು ಬಂದ ಗುಲಾಬಿ ನಮ್ಮ ಬಾಗಿಲಲ್ಲಿ ನಿಂತು ಕೂಗಿ ನೋಡಿದಳು, ಆಗಲಿಲ್ಲ. ನೀರು ಮೊಣಕಾಲಿಗೆ ಏರಿ ಅಡುಗೆಮನೆಯ ಮೂಲೆ ಕುಸಿಯಿತು. ಆಗ ಮೇಡಂ ಓಡಿಬಂದು ನಾಳೆ ಬಾ ಅಂತ ಚೀರಿದಳು, ನೀರು ಬಂದ ದಾರಿಯಲ್ಲೇ ಇಳಿದು ಹೋಯಿತು. ಆಮೇಲೆ ಅವಳು ನಗಲಿಲ್ಲ.

ನಿಧಿ ಬಂತಾ ಅಂತ ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ಬಂತು. ನಮ್ಮ ಮನೆಯಲ್ಲೇ ಇದೆ. ಗಂಜಿಗೆ ಉಪ್ಪಿನಕಾಯಿ ಜಾಸ್ತಿ ಹಾಕಿಕೊಳ್ಳುತ್ತದೆ. ಭರತದ ಹೊತ್ತು ತಪ್ಪಿಸಿ ಕಚೇರಿಗೆ ಓಡುತ್ತದೆ, ಭರತಕ್ಕೆ ಮುಂಚೆ ಓಡಿ ಬರುತ್ತದೆ. ಬಲಿ ತೆಗೆದುಕೊಳ್ಳುವುದು ನಿಧಿ ಅಂತ ಕೇಳಿದ್ದೆವು, ಇಲ್ಲಿ ಯಾರು ಯಾರನ್ನು ತೆಗೆದುಕೊಂಡರು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಗುಲಾಬಿಯ ಮನೆಗೆ ಹಣ ಮಂಜೂರಾಯಿತು, ಬಡಗುಮನೆಗೂ ಆಯಿತು, ಬಾಗಿಲಲ್ಲಿ ನಿಂತವಳ ಕಷ್ಟ ಗೊತ್ತಿದ್ದ ಮೇಡಂ ಗುಮಾಸ್ತನಿಗೆ ನಾಳೆ ಅನ್ನಲು ಬಿಡಲಿಲ್ಲ. ನಮ್ಮ ಮನೆಗೆ ಮಾತ್ರ ಆಗಲಿಲ್ಲ. ಮುಕಾಂಬು ಬಾಯಿಬಿಟ್ಟು ಬನ್ನಿ ಅಂದದ್ದು ರೆಕಾರ್ಡಿನಲ್ಲಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅಧಿಕಾರಿ ತಾನು ವಾಸವಿರುವ ಮನೆಗೆ ತಾನೇ ದುಡ್ಡು ಕೊಡುವ ಹಾಗಿಲ್ಲವಂತೆ. ಅದು ತಪ್ಪಲ್ಲ, ನ್ಯಾಯವೇ.

ಸುಗಂಧಿ ಹಾಸ್ಟೆಲ್ಲು ಸೇರಿದಳು. ಅವಳನ್ನು ಬಿಡಲು ಮುಕಾಂಬು ಹೋದದ್ದು ಹುಣ್ಣಿಮೆಯ ದಿನ, ಬೇಕೆಂದೇ. ಹುಣ್ಣಿಮೆಯ ಮಧ್ಯಾಹ್ನ ಅವಳು ಮನೆಯಿಂದ ಹೊರಗಿದ್ದದ್ದು ಶಾಲೆಯ ಚೀಲ ಗೂಟಕ್ಕೆ ಹಾಕಿದ ಮೇಲೆ ಅದೇ ಮೊದಲು. ನಡುನೀರಿಗೆ ಬಂದ ದೋಣಿಯಲ್ಲಿ ಅವಳು ಎದ್ದು ನಿಂತು ಸುತ್ತಲೂ ನೋಡಿದಳು. ಆ ಚೀಲ ಈಗ ಸುಗಂಧಿಯ ಹೆಗಲಲ್ಲಿತ್ತು. ಹಿಂದಿನಿಂದ, ನಮ್ಮ ಮನೆಯ ದಿಕ್ಕಿನಿಂದ, ತೆಳ್ಳಗೆ "ನಾಳೆ ಬಾ" ಕೇಳಿಸಿದಾಗ ಮಾತ್ರ ಪಟ್ಟನೆ ಕೂತುಬಿಟ್ಟಳು. ಅಟ್ಟದ ಬುಟ್ಟಿ ಇಳಿಯಿತು, ಚಿಪ್ಪಿ ಮತ್ತೆ ಸಂತೆಗೆ ಹೋಗತೊಡಗಿತು, ಮನೆಯಲ್ಲಿ ಮೀನು ಬೇಯತೊಡಗಿತು. ಅವಳ ಮುಖದಲ್ಲಿ ಮಾತ್ರ ನಗು ಬರಲಿಲ್ಲ.

ಮೊನ್ನೆ ಬೆಳಿಗ್ಗೆ ಮೇಡಂಗೆ ಅವಳ ಅಮ್ಮನ ಫೋನು ಬಂತು. ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಳು. ಆ ಕಡೆಯಿಂದ ಏನು ಕೇಳಿದರೋ. ಇವಳು ಕೆನ್ನೆ ಒರೆಸಿಕೊಂಡು, ದನಿ ಮಾತ್ರ ಸರಿ ಇಟ್ಟುಕೊಂಡು, "ನಾಳೆ ಬರ್ತೀನಮ್ಮ. ನಾಳೆ," ಅಂದಳು.

ಒಳಗೆ ಸೌಟು ಬಿದ್ದ ಸದ್ದಾಯಿತು. ಮುಕಾಂಬು ಹೊರಗೆ ಬಂದಳು. ಮೇಡಂನ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಚಿಪ್ಪಿಯ ಬುಟ್ಟಿ ಎತ್ತಿಕೊಂಡು ದಡಕ್ಕೆ ಇಳಿದಳು. ಇಳಿತದ ಹೊತ್ತು, ಚಿಪ್ಪಿಗೆ ಹೋದಳು ಅಂದುಕೊಂಡೆ. ಅವಳು ಮರಳದಿಬ್ಬಕ್ಕೆ ಹೋಗಲಿಲ್ಲ, ನೇರ ಸುಬ್ಬುವಿನ ಮನೆಯ ಕಡೆಗೆ ಹೋದಳು. ಪಾಚಿ ಹಿಡಿದ ಒಂದು ಕೆಂಪುಕಲ್ಲನ್ನು ಕಿತ್ತು ಬುಟ್ಟಿಗೆ ಹಾಕಿ, ತಲೆಯ ಮೇಲಿಟ್ಟುಕೊಂಡು, ಇಡೀ ಕುದುರು ಬಾಗಿಲಲ್ಲಿ ನಿಂತು ಕಣ್ಣು ಬಿಡುತ್ತಿರಲು ನಡೆದು ಬಂದು ನಮ್ಮ ಅಂಗಳದಲ್ಲಿ ಇಳಿಸಿದಳು. ಗುಲಾಬಿ ಅಲ್ಲಿಂದಲೇ, ಎಂಜಲು ಕಣೇ ಅದು, ಕಡಲು ಹಿಂದೆ ಬರುತ್ತದೆ ಅಂತ ಕೂಗಿದಳು. ಈಗ ಬರದೆ ಇದೆಯಾ ಅನ್ನುವ ಹಾಗೆ ಮುಕಾಂಬು ಕೈ ತಿರುವಿದಳು. ಇನ್ನೊಂದು ಕಲ್ಲು ತಂದಳು. ಮತ್ತೊಂದು ತಂದಳು. ಆಮೇಲೆ ನನ್ನೆದುರು ನಿಂತು, ತನ್ನ ಎದೆಯ ಎತ್ತರಕ್ಕೆ ಅಂಗೈ ಚಾಚಿ, ಪಂಚಾಂಗ ಇಷ್ಟು ಬರಬೇಕು ಅಂತ ತೋರಿಸಿದಳು. ನೋಡುತ್ತಿದ್ದ ಗುಲಾಬಿ ಬೈದುಕೊಳ್ಳುತ್ತಲೇ ಸೆರಗು ಕಟ್ಟಿ, ತನ್ನ ಬುಟ್ಟಿ ಹಿಡಿದು ಕೆಳಗಿಳಿದಳು.

ನಾನು ಒಳಗೆ ಹೋಗಿ ಕರಣೆ ತೆಗೆದುಕೊಂಡೆ. ತುಕ್ಕು ಹಿಡಿದಿತ್ತು. ಬಿಸಿಲೂ ಏರಿತ್ತು. ನಾಳೆಯಿಂದ ಶುರು ಮಾಡೋಣವಾ ಅಂತ ಕೇಳಲು ಬಾಯಿ ತೆರೆದವನು, ಸುಮ್ಮನೆ ಮುಚ್ಚಿಕೊಂಡು ತೂಗುಗುಂಡು ಇಳಿಬಿಟ್ಟೆ.